ಪಟೇಲರ ಸೇತುವೆ, ಜವರಮ್ಮನ ಆಣೆ

ಮಾದಮ್ಮನಿಗೆ ಸಿಟ್ಟು ಬರುವುದು ಅಪರೂಪ. ಬಂದರೆ ಹುಲ್ಲಿನ ಮೆದೆಯೊಳಕ್ಕೆ ಕೆಂಡ ಬಿದ್ದ ಹಾಗೆ. ಹೊರಗಿನವರಿಗೆ ಹೊಗೆ ಕಾಣುವ ಹೊತ್ತಿಗೆ ಒಳಗೆ ಅರ್ಧ ಮೆದೆ ಬೆಂದಿರುತ್ತದೆ. ಕಾರ್ತೀಕದ ಒಂದು ಬೆಳಿಗ್ಗೆ ಸೊಸೆ ರಂಜಿನಿ ಕುತ್ತಿಗೆವರೆಗೆ ನೆನೆದು, ಗಡಗಡ ನಡುಗುತ್ತಾ ಬರಿಗೈಯಲ್ಲಿ ಮನೆಗೆ ಬಂದಳಲ್ಲ, ಕೆಂಡ ಬಿದ್ದದ್ದು ಆಗ.

ರಾಗಿ ಕುಯ್ಲಿಗೆ ಬಂದಿತ್ತು. ತೆನೆ ಬಲಿತಿದೆಯೋ ಇಲ್ಲವೋ ನೋಡಿಕೊಂಡು, ಬದುವಿನ ಹುಲ್ಲು ಒಂದು ಹೊರೆ ಕುಯ್ದುಕೊಂಡು ಬರುತ್ತೇನೆಂದು ರಂಜಿನಿ ಹೊಲಕ್ಕೆ ಹೊರಟಿದ್ದಳು. ಹಳ್ಳ ದಾಟುವ ಜಾಗದಲ್ಲಿ ಎಂದಿನಂತೆ ಸೀರೆ ಎತ್ತಿ ಕಟ್ಟಿ ಕಾಲಿಟ್ಟಿದ್ದಾಳೆ. ಆ ಮಾಸದಲ್ಲಿ ಅಲ್ಲಿ ಮೊಣಕಾಲುದ್ದ ನೀರಿರಬೇಕು. ಅವತ್ತು ನೋಡನೋಡುತ್ತಾ ಎದೆಗೆ ಬಂತು, ಇನ್ನೊಂದು ಹೆಜ್ಜೆಗೆ ನೆಲವೇ ಸಿಗಲಿಲ್ಲ. ತಲೆಯ ಮೇಲಿದ್ದ ಮಂಕರಿ ಜಾರಿ, ಕುಡುಗೋಲು ಬುತ್ತಿ ಸಮೇತ ನೀರುಪಾಲಾಯಿತು. ದಡದ ಲಕ್ಕಿ ಗಿಡ ಕೈಗೆ ಸಿಕ್ಕದಿದ್ದರೆ ಅವಳೂ ಹೋಗುತ್ತಿದ್ದಳು.

"ಕೆಳಗ್ಡೆ ಅಡ್ಡಗಟ್ಟೆ ಆಕ್ಬುಟ್ಟವ್ರೆ ಅತ್ತೆ," ಅಂದಳು, ಮೈ ಒರೆಸಿಕೊಳ್ಳುತ್ತಾ. "ನೀರು ನಿಲ್ಸಿ ದೋಣಿ ಬುಟ್ಟವ್ರೆ. ಬಾತುಕೋಳಿ ಮೂತಿವು."

ಎರಡು ವಾರದಿಂದ ಪಟೇಲರ ತೋಟದಲ್ಲಿ ಜೆಸಿಬಿ ಸದ್ದು ಕೇಳುತ್ತಿತ್ತು. ಯಾವುದೋ ಬಾವಿ ತೆಗೆಸುತ್ತಿರಬೇಕು ಎಂದುಕೊಂಡು ಕೇರಿಯವರು ತಮ್ಮ ಪಾಡಿಗೆ ತಾವಿದ್ದರು.

ಚಿಕ್ಕಯ್ಯನಛತ್ರ ಹೋಬಳಿಯ ಹಳ್ಳದಕೊಪ್ಪಲು ಇವರ ಊರು. ಕೇರಿಯ ಹಿಂದಿನಿಂದಲೇ ಪಟೇಲರ ತೋಟ ಶುರು. ತೆಂಗು, ಮಾವು, ಬಾಳೆ ತುಂಬಿದ ದೊಡ್ಡ ತೋಟ. ಅದರ ನಡುವೆ ಕಪಿಲೆಗೆ ಹೋಗಿ ಸೇರುವ ಹಳ್ಳ. ಹಳ್ಳದ ಮೇಲೆ ಮೂರು ಕಮಾನಿನ ಹಳೇ ಕಲ್ಲಿನ ಸೇತುವೆ. ತೋಟದ ಆಚೆ, ದಿಣ್ಣೆಯ ಮೇಲೆ, ಕೇರಿಯವರಿಗೆ ಸರ್ಕಾರ ಕೊಟ್ಟ ದರಖಾಸ್ತು ಜಮೀನು. ಮನೆಗೊಂದು ತುಂಡು, ಹೆಚ್ಚೇನಿಲ್ಲ, ಆದರೆ ವರ್ಷದ ರಾಗಿಗೆ ಮೋಸವಿಲ್ಲ. ಅಲ್ಲಿಗೆ ಹೋಗಲು ಇದ್ದದ್ದು ಒಂದು ಕಾಲುದಾರಿ. ತೋಟದೊಳಗೆ ಸೇತುವೆಯ ಬುಡದವರೆಗೂ ಹೋಗಿ, ಅಲ್ಲಿ ಪಕ್ಕಕ್ಕೆ ಇಳಿದು, ನೀರಿನಲ್ಲಿ ನಡೆದು, ಆಚೆ ದಡ ಹತ್ತಬೇಕು. ಇಲ್ಲವೆಂದರೆ ಟಾರು ರಸ್ತೆ ಹಿಡಿದು ಛತ್ರದ ಮೇಲೆ ಸುತ್ತಿ ಬರಬೇಕು. ಹೊರೆ ಹೊತ್ತವರಿಗೆ ಅದು ಆಗುವ ಮಾತಲ್ಲ.

ಅಷ್ಟು ಗಟ್ಟಿಮುಟ್ಟಾದ ಸೇತುವೆ ಕಣ್ಣೆದುರಿಗಿದ್ದೂ ಜನ ನೀರಿಗೆ ಯಾಕೆ ಇಳಿಯುತ್ತಿದ್ದರು ಅಂದರೆ, ಅದಕ್ಕೆ ಒಂದೊಂದು ಕಾಲದಲ್ಲಿ ಒಂದೊಂದು ಕಾರಣ.

ಸೇತುವೆ ಕಟ್ಟಿಸಿದ್ದು ಪಟೇಲರ ಹಿರೀಕರು, ಮಹಾರಾಜರ ಕಾಲದಲ್ಲಿ. ಗುಡ್ಡದಿಂದ ಕಲ್ಲು ಹೊತ್ತು ತಂದದ್ದು, ಗಾರೆ ಅರೆದದ್ದು ಕೇರಿಯವರು. ಕೊನೆಯ ಕಲ್ಲು ಕೂತ ಮೇಲೆ ಅದರ ಮೇಲೆ ಅವರು ಕಾಲಿಡುವ ಹಾಗಿರಲಿಲ್ಲ. ಎತ್ತು ಹೋಗಬಹುದು, ನಾಯಿ ಹೋಗಬಹುದು, ಇವರು ಮಾತ್ರ ಪಕ್ಕದಲ್ಲಿ ಇಳಿದು ನೀರಿನಲ್ಲಿ ಹೋಗಬೇಕು. ಗಂಡಸರು ಹೇಗೋ ಹೋಗುತ್ತಿದ್ದರು. ಹೆಂಗಸರ ಕಷ್ಟ ಹೇಳಬಾರದು. ತಲೆಯ ಮೇಲೆ ಹೊರೆ, ಎರಡೂ ಕೈ ಹೊರೆಗೆ ಬೇಕು. ಸೀರೆ ನೆನೆಯಬಾರದೆಂದರೆ ಮೊದಲೇ ತೊಡೆಯವರೆಗೆ ಎತ್ತಿ ಸಿಕ್ಕಿಸಿಕೊಂಡಿರಬೇಕು. ಸಂಜೆ ಹೊತ್ತು ಅವರು ಬರುವ ವೇಳೆಗೆ ಸರಿಯಾಗಿ ಪಟೇಲ ಸಿದ್ದಮಲ್ಲಪ್ಪನೂ ಅವನ ಜೊತೆಯವರೂ ಸೇತುವೆಯ ಕಟ್ಟೆಯ ಮೇಲೆ ಎಲೆಯಡಿಕೆ ಹಾಕುತ್ತಾ ಕೂತಿರುತ್ತಿದ್ದರು. ಇನ್ನೊಂದು ಚೂರು ಎತ್ತಮ್ಮಿ, ಸೀರೆ ನೆಂದಾತು ಅನ್ನುವುದು, ನಗುವುದು, ಮೇಲಿನಿಂದ ನೀರಿಗೆ ಉಗಿಯುವುದು. ಮಾದಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಆ ನಗು ಕೇಳಿದ್ದಾಳೆ. ಆಗ ಅವಳಿಗೆ ಹದಿನೇಳೋ ಹದಿನೆಂಟೋ.

ಆಮೇಲೆ ದಲಿತ ಸಂಘದ ಹುಡುಗರು ಬಂದರು, ಪೇಪರಿನಲ್ಲಿ ಬಂತು, ಮೈಸೂರಿನಿಂದ ದೊಡ್ಡ ಆಫೀಸರು ಜೀಪಿನಲ್ಲಿ ಬಂದರು. ಪೊಲೀಸರನ್ನು ಎರಡೂ ಕಡೆ ನಿಲ್ಲಿಸಿಕೊಂಡು ಕೇರಿಯ ನಾಲ್ಕು ಗಂಡಸರನ್ನು ಸೇತುವೆಯ ಮೇಲೆ ನಡೆಸಿದರು. ಇನ್ನು ಮೇಲೆ ಎಲ್ಲರೂ ಓಡಾಡಬಹುದು ಎಂದು ಹೇಳಿ ಹೊರಟರು.

ಮಾರನೆಯ ದಿನ ಮಾದಮ್ಮನ ಅತ್ತೆ ಜವರಮ್ಮ ಕೇರಿಯವರನ್ನೆಲ್ಲ ಮಂಟೇಸ್ವಾಮಿಯ ಗುರುತಾದ ಹಿತ್ತಾಳೆಯ ಕಂಡಾಯವನ್ನು ಇಟ್ಟಿರುವ ಮನೆಯ ಮುಂದೆ ಸೇರಿಸಿದಳು. ಎಲ್ಲರೂ ಖುಷಿಯಲ್ಲಿದ್ದರು. ಅವಳು ಮಾತ್ರ ಮುಖ ಗಂಟು ಹಾಕಿಕೊಂಡು ನಿಂತಿದ್ದಳು.

"ನಮ್ಮ ತೊಡೆ ನೋಡ್ಕಂಡು ಎಲೆಡ್ಕೆ ಉಗುದ ಕಲ್ಲು ಅದು," ಅಂದಳು. "ಸರ್ಕಾರ ಬಂದು ತೊಳುದ್ರೂ ಓಗಕಿಲ್ಲ. ಬ್ಯಾಡ ಅಂದಾಗ ಬುಡೋಕೆ, ಬಾ ಅಂದಾಗ ಓಗೋಕೆ ನಾವೇನು ಅವ್ರ ಮನೆ ಎಮ್ಮೆಗ್ಳಾ? ನನ್ನ ಮಕ್ಳು ಮೊಮ್ಮಕ್ಳು ಯಾರೂ ಅದ್ರ ಮ್ಯಾಲೆ ಕಾಲಿಡಕೂಡ್ದು."

ಕಂಡಾಯದ ಬುಡದಲ್ಲಿದ್ದ ಕಪ್ಪು ಧೂಳ್ತವನ್ನು, ಅಂದರೆ ಮಂಟೇಸ್ವಾಮಿಯ ಪ್ರಸಾದದ ಬೂದಿಯನ್ನು, ಒಬ್ಬೊಬ್ಬರ ಅಂಗೈಗೂ ಹಾಕಿ ಆಣೆ ಇಡಿಸಿದಳು. ಹೊಸ ಸೊಸೆ ಮಾದಮ್ಮನೂ ಕೈ ಚಾಚಿದಳು.

ಅವತ್ತಿನಿಂದ ಹಳ್ಳ ಬದಲಾಗಲಿಲ್ಲ, ನೀರು ಬದಲಾಗಲಿಲ್ಲ, ನಡೆಯುವ ಗತ್ತು ಬದಲಾಯಿತು. ಪಟೇಲರ ಕಡೆಯವರು ಈಗ ನಿಮಗೆ ಬೇಡ ಅಂದವರು ಯಾರು, ಮೇಲೆ ಬನ್ನಿ ಎಂದು ಕರೆದರೂ ಕೇರಿಯವರು ತಿರುಗಿ ನೋಡಲಿಲ್ಲ. ಕಟ್ಟೆಯ ಮೇಲೆ ಕೂರುವವರೂ ನಿಧಾನಕ್ಕೆ ಇಲ್ಲವಾದರು. ಆ ಸೇತುವೆಗೇ ಮೈಲಿಗೆ, ಮುಟ್ಟಿದರೆ ಮೈ ತೊಳೀಬೇಕು ಎಂದು ಮಕ್ಕಳು ಆಟಕ್ಕೆ ಹೇಳಿಕೊಂಡು ನಗುತ್ತಿದ್ದವು. ನಲವತ್ತು ವರ್ಷದ ಮೇಲಾಯಿತು. ಜವರಮ್ಮ ಹೋದಳು, ಮಾದಮ್ಮನ ಗಂಡನೂ ಹೋದ. ಬೇರೆ ಏನೇನೋ ಬಿಟ್ಟುಹೋಗಿದ್ದರೂ ಕೇರಿ ಈ ಆಣೆಯನ್ನು ಮಾತ್ರ ಬಿಟ್ಟಿರಲಿಲ್ಲ. ಊರಿನಲ್ಲಿ ಎದೆಯೆತ್ತಿ ಹೇಳಿಕೊಳ್ಳಲು ಅವರಿಗೆ ಅದೊಂದಿತ್ತು.

ಹೇಳಿಕೊಂಡದ್ದೇ ಮೋಸವಾಯಿತು.

ಈಗ ತೋಟ ನೋಡಿಕೊಳ್ಳುವವನು ಸಿದ್ದಮಲ್ಲಪ್ಪನ ಮೊಮ್ಮಗ ಅಮೃತೇಶ. ಮೈಸೂರಿನಲ್ಲಿ ಓದಿದವನು, ಮಾತು ಬೆಣ್ಣೆ. ತೋಟವನ್ನು ರೆಸಾರ್ಟ್ ಮಾಡಿದ್ದ. ಕಳೆದ ಬೇಸಿಗೆಯಲ್ಲಿ ಕ್ಯಾಮೆರಾ ಹಿಡಿದ ಹುಡುಗಿಯೊಬ್ಬಳನ್ನು ಕರೆದುಕೊಂಡು ಮಾದಮ್ಮನ ಜಗಲಿಗೆ ಬಂದಿದ್ದ. ಪಟೇಲರ ಮನೆಯವನೊಬ್ಬ ಆ ಜಗಲಿಯ ಮೇಲೆ ಕೂತದ್ದು, ಕೊಟ್ಟ ಕಾಫಿ ಕುಡಿದದ್ದು ಅದೇ ಮೊದಲು. ಸೇತುವೆಯ ಚರಿತ್ರೆ ಬೇಕು ಅಜ್ಜಿ, ಹಳಬರು ನೀವೇ ಹೇಳಬೇಕು ಅಂದ. ಮಾದಮ್ಮ ಸೆರಗು ಸರಿಮಾಡಿಕೊಂಡು ಎಲ್ಲವನ್ನೂ ಹೇಳಿದಳು. ಅವನ ತಾತನ ಎಲೆಯಡಿಕೆಯನ್ನೂ ಬಿಡಲಿಲ್ಲ. ಅವನು ತಲೆ ತಗ್ಗಿಸಿಕೊಂಡು ಕೇಳಿದ. ಕೊನೆಗೆ ಅವಳು, ನಮ್ಮ ಕೇರಿಯ ಒಂದು ಕೂಸೂ ಇವತ್ತಿನವರೆಗೆ ಆ ಸೇತುವೆ ಮೇಲೆ ಕಾಲಿಟ್ಟಿಲ್ಲ, ಇಡೋದೂ ಇಲ್ಲ ಎಂದು ಕ್ಯಾಮೆರಾ ನೋಡಿಕೊಂಡೇ ಹೇಳಿದಳು. ಹುಡುಗಿ ಚಪ್ಪಾಳೆ ತಟ್ಟಿದಳು. ಅವತ್ತು ರಾತ್ರಿ ಮಾದಮ್ಮನಿಗೆ ಅತ್ತೆಗೆ ಏನೋ ಒಪ್ಪಿಸಿದ ಹಾಗೆ ನೆಮ್ಮದಿಯಾಗಿತ್ತು.

ರಂಜಿನಿ ನೆನೆದು ಬಂದ ದಿನವೇ ಕೇರಿಯವರು ಕೂಡಿ ಅರ್ಜಿ ಕೊಟ್ಟರು. ಅಮೃತೇಶ ಅಷ್ಟರಲ್ಲಿ ಸೇತುವೆಯ ಬಾಯಿಗೆ ಸರಪಳಿ ಹಾಕಿಸಿ, ಖಾಸಗಿ ಜಾಗ ಎಂದು ಬೋರ್ಡು ನಿಲ್ಲಿಸಿದ್ದ. ಒಂದು ವಾರಕ್ಕೆ ತಾಲ್ಲೂಕಿನಿಂದ ಒಬ್ಬ ಸಾಹೇಬರು ಸ್ಥಳ ನೋಡಲು ಬಂದರು. ಸಾಹೇಬರೂ ಅಮೃತೇಶನೂ ಸೇತುವೆಯ ಮೇಲೆ ನಿಂತರು. ಕೇರಿಯವರು ಕೆಳಗೆ, ನೀರಿನ ಅಂಚಿನ ಕೆಸರಿನಲ್ಲಿ ನಿಂತರು. ಮೇಲೆ ಬನ್ನಿ, ಮಾತಾಡೋಣ ಎಂದು ಸಾಹೇಬರು ಕರೆದರೂ ಒಬ್ಬರೂ ಹತ್ತಲಿಲ್ಲ. ಮಾದಮ್ಮನ ಮೈದುನ ಕೆಂಪಯ್ಯ, ಕಂಡಾಯ ಕಾಯುವವನು, ಇಲ್ಲೇ ಸರಿ ಸಾ ಎಂದು ಕೈಮುಗಿದ. ಸಾಹೇಬರು ಕತ್ತು ಬಗ್ಗಿಸಿ ಕೂಗಿ ಮಾತಾಡಬೇಕಾಯಿತು. ಅಮೃತೇಶ ಪಕ್ಕದಲ್ಲಿ ನಿಂತು ಮೀಸೆಯಡಿ ನಗುತ್ತಿದ್ದುದನ್ನು ಮಾದಮ್ಮ ನೋಡಿದಳು. ಆ ನಗುವಿನ ಅರ್ಥ ಅವಳಿಗೆ ಆಗ ತಿಳಿಯಲಿಲ್ಲ.

ಹಳ್ಳದ ಅಡ್ಡಗಟ್ಟೆಗೆ ಅನುಮತಿ ಪಡೆದಿದ್ದಾರೆ, ಅದನ್ನು ಒಡೆಸುವುದು ತನ್ನ ಕೈಯಲ್ಲಿಲ್ಲ ಅಂದರು ಸಾಹೇಬರು. ಹಾಗಿದ್ದರೆ ಸೇತುವೆಯನ್ನಾದರೂ ಬಿಡಿಸಿಕೊಡಿ ಎಂದು ರಂಜಿನಿ ಕೇಳಿದಳು. ಅಮೃತೇಶ ಆಗ ಜೇಬಿನಿಂದ ಫೋನು ತೆಗೆದು ಸಾಹೇಬರ ಮುಂದೆ ಹಿಡಿದ. ಮಾದಮ್ಮನ ದನಿ ಮಾದಮ್ಮನಿಗೇ ಮೇಲಿನಿಂದ ಕೇಳಿಸಿತು. ಒಂದು ಕೂಸೂ ಕಾಲಿಟ್ಟಿಲ್ಲ, ಇಡೋದೂ ಇಲ್ಲ.

"ಇದು ನಿಮ್ಮದೇ ಮಾತೇನಮ್ಮ?"

ಇಲ್ಲ ಅನ್ನಬಹುದಿತ್ತು. ಬಲವಂತ ಮಾಡಿ ಹೇಳಿಸಿದರು ಎಂದರೂ ಆಗುತ್ತಿತ್ತು. ಅವಳ ನಾಲಿಗೆ ಹಾಗೆ ಹೊರಳುವುದಲ್ಲ.

"ಊ ಸಾ, ನಂದೇಯ."

"ಮತ್ತೆ ನೀವೇ ಯಾವತ್ತೂ ನಡೆದಿಲ್ಲ ಅಂದ್ಮೇಲೆ ಇದು ನಿಮ್ಮ ದಾರಿ ಅಂತ ನಾನು ಹೇಗೆ ಬರೀಲಿ?"

ಯಾಕೆ ನಡೀಲಿಲ್ಲ ಅಂತ ಕೇಳಿ ಸಾ, ಅಂದಳು ಮಾದಮ್ಮ. ಸಾಹೇಬರು ಕೆಟ್ಟವರೇನಲ್ಲ. ಕೈಯಲ್ಲಿದ್ದ ವರದಿಯ ಹಾಳೆ ನೋಡಿದರು. ಆಮೇಲೆ, ನಡೆದಿದ್ದಾರೋ ಇಲ್ಲವೋ ಅನ್ನುವುದಕ್ಕೆ ಜಾಗ ಇದೆಯಮ್ಮ, ಯಾಕೆ ಅನ್ನುವುದಕ್ಕೆ ನನ್ನ ಹತ್ತಿರ ಜಾಗ ಇಲ್ಲ ಅಂದರು. ವಾರ ಬಿಟ್ಟು ವರದಿ ಕಳಿಸುತ್ತೇನೆಂದು ಹೇಳಿ ಹೊರಟರು.

ಜನ ಚದುರುವಾಗ ಅಮೃತೇಶ ಕೆಳಗಿಳಿದು ಮಾದಮ್ಮನ ಹತ್ತಿರ ಬಂದ. ಷೂಸಿಗೆ ಕೆಸರು ಹತ್ತದ ಹಾಗೆ ಕಲ್ಲು ನೋಡಿಕೊಂಡು ನಿಂತ.

"ಬೇಜಾರು ಮಾಡ್ಕೋಬೇಡಿ ಅಜ್ಜಿ. ನಿಮ್ಮ ಕಥೆ ನಮ್ಮ ಗೆಸ್ಟುಗಳಿಗೆಲ್ಲ ತುಂಬಾ ಇಷ್ಟ ಆಗಿದೆ. ಶನಿವಾರ ಭಾನುವಾರ ನೀವೇ ಬಂದು ಹೇಳಿ. ಸೀರೆ ನಾವೇ ಕೊಡಿಸ್ತೀವಿ. ಸೇತುವೆ ಮೇಲೇನೂ ಬರೋದು ಬೇಡ, ಇಲ್ಲೇ ಕೆಳಗೆ ಕೂತ್ಕೊಳ್ಳಿ. ಅದೇ ಚೆನ್ನಾಗಿ ಕಾಣುತ್ತೆ."

ಮಾದಮ್ಮ ಅವನ ಮುಖವನ್ನೇ ನೋಡಿದಳು. ಅವನು ಹೀಯಾಳಿಸಲು ಆಡಿದ ಮಾತಲ್ಲ ಅದು, ಒಳ್ಳೆಯದೇ ಮಾಡುತ್ತಿದ್ದೇನೆ ಎಂದುಕೊಂಡು ಆಡಿದ್ದ. ಅವನ ತಾತನಿಗೆ, ಉಗಿಯುವಾಗ ಉಗಿಯುತ್ತಿದ್ದೇನೆಂದಾದರೂ ಗೊತ್ತಿರುತ್ತಿತ್ತು. ಅವಳು ಮನೆಗೆ ಬಂದಳು. ಒಲೆ ಹಚ್ಚಿದಳು, ಮುದ್ದೆ ತಿರುವಿದಳು, ಎಲ್ಲರಿಗೂ ಬಡಿಸಿದಳು. ತಾನು ಉಣ್ಣಲಿಲ್ಲ.

ಮಾರನೆಯ ದಿನ, ಅದರ ಮಾರನೆಯ ದಿನ, ಅವಳು ಜಗಲಿಯಲ್ಲಿ ಕೂತು ದಿಣ್ಣೆಯ ಕಡೆ ನೋಡಿದಳು. ಅಲ್ಲಿ ರಾಗಿ ಕಂದು ತಿರುಗಿ ಬಾಗಿತ್ತು. ಗುಬ್ಬಿ, ಗಿಣಿ, ಹಿಂಡು ಹಿಂಡಾಗಿ ಇಳಿಯುತ್ತಿದ್ದವು. ಇನ್ನೊಂದು ನಾಲ್ಕು ದಿನ ಬಿಟ್ಟರೆ ತೆನೆ ಮುರಿದು ನೆಲಕ್ಕೆ ಉದುರುತ್ತದೆ. ಹುಡುಗರು ಕೋರ್ಟು ಅಂದರು, ಧರಣಿ ಅಂದರು, ವಾಟ್ಸಾಪಿನಲ್ಲಿ ಹಾಕುತ್ತೇವೆ ಅಂದರು. ಕೋರ್ಟು ತೀರ್ಪು ಕೊಡುವವರೆಗೆ ರಾಗಿ ಕಾಯುತ್ತದೆಯೇ? ಅವಳಿಗೆ ಅಮೃತೇಶನ ಮೇಲೆ ಸಿಟ್ಟು, ಕಾಫಿ ಕೊಟ್ಟ ತನ್ನ ಕೈಯ ಮೇಲೆ ಸಿಟ್ಟು. ಕಡೆಗೆ, ಹೇಳಬಾರದು, ಸತ್ತ ಅತ್ತೆಯ ಮೇಲೂ ಸಿಟ್ಟು. ಹೆಂಗಸೇ, ಆಣೆ ಇಡಿಸುವಾಗ ಇಷ್ಟು ದಿನ ಎಂದು ಒಂದು ಗಡುವಾದರೂ ಇಡಬಾರದಿತ್ತೇ ಎಂದು ಮನಸ್ಸಿನಲ್ಲೇ ಜಗಳ ಆಡಿದಳು. ನಮ್ಮ ಹಟವನ್ನೇ ಹಿಡಿದುಕೊಂಡು ನಮ್ಮನ್ನು ಕಟ್ಟಿಹಾಕುವವನೊಬ್ಬ ಹುಟ್ಟುತ್ತಾನೆ ಎಂದು ಅತ್ತೆಗೆ ಹೇಗೆ ತಾನೇ ಗೊತ್ತಿರಬೇಕು.

ಶುಕ್ರವಾರ ಮಧ್ಯಾಹ್ನ ಅವಳು ಎದ್ದು ಕಂಡಾಯದ ಮನೆಗೆ ಹೋದಳು. ಕೆಂಪಯ್ಯ ಹಿತ್ತಾಳೆಯ ಕಂಡಾಯವನ್ನು ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದ. ಎಪ್ಪತ್ತರ ಹತ್ತಿರದವನು, ಎತ್ತರದ ಆಳು, ಸಣ್ಣ ಕೂಸಿನ ಮನಸ್ಸು. ಅತ್ತಿಗೆ ಬಂದದ್ದು ಯಾಕೆಂದು ಅವನಿಗೆ ಕೇಳದೆಯೇ ತಿಳಿಯಿತು. ಉಜ್ಜುವುದನ್ನು ನಿಲ್ಲಿಸಲಿಲ್ಲ.

"ನಾಳೆ ಸೇತ್ವೆ ಮ್ಯಾಲೆ ಓಯ್ತೀವಿ ಕೆಂಪಯ್ಯ. ನಾನು, ರಂಜಿನಿ, ಬರೋ ಎಂಗಸ್ರು. ಕುಯ್ಲು ಮಾಡ್ಕಂಡು ಬತ್ತೀವಿ."

"ಅವ್ವ ಇಡ್ಸಿದ್ ಆಣೆ ಅತ್ಗೆ."

"ಗೊತ್ತು ಕಣಪ್ಪ. ನಿನ್ನ ಪಕ್ಕದಲ್ಲೇ ನಿಂತಿದ್ದೆ."

ಅವನು ಕಂಡಾಯವನ್ನು ಬಟ್ಟೆಯ ಮೇಲೆ ಮೆಲ್ಲಗೆ ಒರಗಿಸಿಟ್ಟ. "ನಮ್ಗೆ ಅಂತ ಇದ್ದದ್ದು ಅದೊಂದು ಮಾತು. ಒಲ ಓದ್ರೆ ಇನ್ನೊಂದು ಒಲ. ಮಾತು ಓದ್ರೆ?"

"ಇನ್ನೊಂದು ಒಲ ಯಾರು ಕೊಟ್ಟಾರು, ನಿಮ್ಮಪ್ಪನಾ?"

ಅವನು ತಲೆ ತಗ್ಗಿಸಿದ. ಅಷ್ಟು ಒರಟಾಗಿ ಅವಳು ಅವನೊಂದಿಗೆ ಯಾವತ್ತೂ ಮಾತಾಡಿರಲಿಲ್ಲ. ಆಡಿದ್ದಕ್ಕೆ ಮರುಗಲೂ ಇಲ್ಲ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ, ಸಿಟ್ಟು ಇನ್ನೂ ಏರಿದ್ದು ಅದಕ್ಕೇ. ಎರಡೂ ತಮ್ಮವೇ, ಆಣೆಯೂ ತಮ್ಮದು, ಹೊಲವೂ ತಮ್ಮದು. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಕೊಡು ಎಂದು ಹೇಳುತ್ತಿರುವವನು ತನ್ನದೇನನ್ನೂ ಕಳೆದುಕೊಳ್ಳದೆ ಬಾತುಕೋಳಿ ದೋಣಿ ತೇಲಿಸುತ್ತಿದ್ದಾನೆ.

ಅವಳು ಕಂಡಾಯದ ಬುಡದಲ್ಲಿ ಕೂತು ಬಟ್ಟಲಿನಿಂದ ಒಂದು ಚಿಟಿಕೆ ಧೂಳ್ತ ತೆಗೆದುಕೊಂಡು ಅಂಗೈಯಲ್ಲಿ ಹಿಡಿದಳು. ಅವತ್ತು ಅತ್ತೆ ಕೈಗೆ ಹಾಕಿದ್ದನ್ನು ಇವತ್ತು ತಿರುಗಿ ಇಡುತ್ತಿದ್ದೇನೆ, ಪಾಪ ಬಂದರೆ ನನಗೊಬ್ಬಳಿಗೇ ಬರಲಿ, ಕೇರಿಯ ಮಕ್ಕಳಿಗೆ ಬೇಡ ಎಂದು ಗಟ್ಟಿಯಾಗಿಯೇ ಹೇಳಿ, ಬಟ್ಟಲಿಗೆ ಸುರಿದು ಎದ್ದಳು. ಸ್ವಾಮಿಗೆ ಕೈಮುಗಿಯಲಿಲ್ಲ. ಸ್ವಾಮಿಯ ಮೇಲೂ ಅವಳಿಗೆ ಅವತ್ತು ಸಮಾಧಾನವಿರಲಿಲ್ಲ.

ನೀವು ಹೋಗಿ, ನನ್ನದು ನೀರಿನ ದಾರಿಯೇ ಅಂದ ಕೆಂಪಯ್ಯ. ನೀರು ಎದೆಗೆ ಬರುತ್ತೆ ಅಂದಳು ಅವಳು. ಬರಲಿ ಅಂದ.

ಶನಿವಾರ ಬೆಳಿಗ್ಗೆ ಇಬ್ಬನಿ ಬಿದ್ದು ಹುಲ್ಲೆಲ್ಲ ಒದ್ದೆಯಾಗಿತ್ತು. ಕುಡುಗೋಲು, ಹಗ್ಗ, ಬುತ್ತಿ ಹಿಡಿದು ಹೆಂಗಸರು ಹೊರಟರು. ಬರುವುದಿಲ್ಲ ಎಂದಿದ್ದವರೂ ಬಂದಿದ್ದರು. ಸೇತುವೆಯ ಬಾಯಲ್ಲಿ ಕಾವಲಿನ ಬಸವಯ್ಯ ಕುರ್ಚಿ ಹಾಕಿಕೊಂಡಿದ್ದ. ಊರಿನವನೇ, ಎಲ್ಲರನ್ನೂ ಬಲ್ಲವನು. ಇವರು ಬರುವ ರೀತಿ ನೋಡಿಯೇ ಎದ್ದು ನಿಂತ.

"ನಮ್ಮ ಸಾಹುಕಾರ್ರು ನನ್ನ ಬೈತಾರೆ ಮಾದಮ್ಮ."

"ಸಂಬಳ ತಕತೀಯಲ್ಲ, ಬೈಸ್ಕೋ," ಅಂದು ಅವಳು ಸರಪಳಿಯನ್ನು ಎತ್ತಿ ಅದರ ಕೆಳಗೆ ನುಸುಳಿದಳು.

ಮೊದಲ ಹೆಜ್ಜೆ ಇಡುವಾಗ ಏನಾಗುತ್ತದೋ ಎಂದು ಅವಳು ಒಳಗೊಳಗೆ ಕಾದಿದ್ದಳು. ಏನೂ ಆಗಲಿಲ್ಲ. ಕಲ್ಲು ತಣ್ಣಗಿತ್ತು. ಸಂದಿಗಳಲ್ಲಿ ಗರಿಕೆ ಬೆಳೆದಿತ್ತು. ಮನೆಯ ಮುಂದಿನ ಒಗೆಯುವ ಕಲ್ಲಿಗೂ ಇದಕ್ಕೂ ಏನೂ ವ್ಯತ್ಯಾಸವಿರಲಿಲ್ಲ. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು. ಇದರ ಮೇಲಿಂದ ಕೆಳಕ್ಕೆ ಇಳಿಸಲು ಅವರು ಅಷ್ಟೆಲ್ಲ ಮಾಡಿದರಲ್ಲ, ಇದರ ಮೇಲೆ ಹತ್ತದಿರಲು ನಾವು ಇಷ್ಟು ಕಾಲ ನೆನೆದೆವಲ್ಲ. ಹಿಂದೆ ತಿರುಗಿ ನೋಡಿದರೆ ರಂಜಿನಿ ಸರಪಳಿಯ ಹತ್ತಿರವೇ ನಿಂತಿದ್ದಳು. ತಗಡೂರಿನಿಂದ ಮದುವೆಯಾಗಿ ಬಂದವಳು, ಆಣೆ ಇಟ್ಟವಳೇ ಅಲ್ಲ. ಆದರೂ ಕಾಲು ಮೇಲೇಳುತ್ತಿರಲಿಲ್ಲ.

"ಏನ್ ನೋಡೀಯೇ," ಅಂದಳು ಮಾದಮ್ಮ. "ರಾಗಿ ಉದುರ್ತಾ ಅದೆ, ಬಾ."

ಸೇತುವೆಯ ನಡುವೆ ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವ ಜೋಡಿಯೊಂದು ನಿಂತಿತ್ತು. ಹುಡುಗಿಯ ಲಂಗ ಕಲ್ಲಿನ ಉದ್ದಕ್ಕೂ ಹಾಸಿತ್ತು. ಹೆಂಗಸರು ತುಳಿಯದ ಹಾಗೆ ಪಕ್ಕದಲ್ಲಿ ಸಾಲಾಗಿ ಹೋದರು. ಆ ಹುಡುಗಿ ಪಾಪ, ಲಂಗ ಬಾಚಿಕೊಂಡು ದಾರಿ ಬಿಟ್ಟಳು. ಆಗ ಫೋಟೋದವನು ಕಟ್ಟೆಯ ಅಂಚಿಗೆ ಹೋಗಿ ಕೆಳಕ್ಕೆ ಬಗ್ಗಿದ.

ಕೆಳಗೆ ಕೆಂಪಯ್ಯ ನೀರಿಗೆ ಇಳಿದಿದ್ದ. ಪಂಚೆ, ಅಂಗಿ ಬಿಚ್ಚಿ ತಲೆಗೆ ಸುತ್ತಿಕೊಂಡು, ಕೋಲಿನಿಂದ ತಳ ತಡಕುತ್ತಾ ಬರುತ್ತಿದ್ದ. ನೀರು ಅವನ ಎದೆಗಿತ್ತು. ಮುದಿ ಮೈ, ಎಲುಬು ಎದ್ದ ಹೆಗಲು, ಸುಕ್ಕುಬಿದ್ದ ಕತ್ತು, ಮೇಲಿನಿಂದ ಎಲ್ಲವೂ ಕಾಣುತ್ತಿತ್ತು. ಒಂದು ಸಲ ಕಾಲು ಜಾರಿ ಗದ್ದದವರೆಗೆ ಮುಳುಗಿ ಎದ್ದ. ಫೋಟೋದವನು ಸೂಪರ್ ಎಂದು ಕ್ಯಾಮೆರಾ ತಿರುಗಿಸಿದ.

ಮಾದಮ್ಮ ಆ ಕಡೆ ನೋಡಿದ್ದಳು, ನೋಡಿದ್ದು ತಿಳಿದ ತಕ್ಷಣ ಅವಳ ಮೈಯೆಲ್ಲ ಕುದಿಯಿತು. ಸಿದ್ದಮಲ್ಲಪ್ಪ ಕೂತು ನೋಡುತ್ತಿದ್ದದ್ದು ಇದೇ ಜಾಗ, ಅವನಿಗೆ ಕಾಣುತ್ತಿದ್ದದ್ದು ಹೀಗೆಯೇ. ತಾನೂ ಈಗ ಅದೇ ಕಲ್ಲಿನ ಮೇಲೆ ನಿಂತು, ತನ್ನ ಮೈದುನ ಬೆತ್ತಲೆ ಮೈಯಲ್ಲಿ ನೀರು ಹಾಯುವುದನ್ನು ನೋಡಿದ್ದಳು. ಅವಳು ಹೋಗಿ ಕ್ಯಾಮೆರಾದ ಗಾಜಿನ ಮೇಲೆ ಅಂಗೈ ಇಟ್ಟಳು.

"ಅವ್ನು ನನ್ ಮೈದ. ತೆಗೀಬ್ಯಾಡ."

ಹುಡುಗ ಅವಳ ಮುಖ ನೋಡಿ ಕ್ಯಾಮೆರಾ ಇಳಿಸಿದ. ಅವಳು ಹೆಂಗಸರ ಕಡೆ ತಿರುಗಿ, ಯಾರೂ ಕೆಳಗೆ ನೋಡಬೇಡಿ, ಸೇತುವೆ ಬಿಟ್ಟು ಆಚೆ ದಡಕ್ಕೆ ನಡೆಯಿರಿ ಎಂದು ಗದರಿಸಿದಳು.

ಅಷ್ಟರಲ್ಲಿ ಅಮೃತೇಶ ಚಡ್ಡಿಯಲ್ಲೇ ಓಡಿ ಬಂದ. ಮುಖ ತೊಳೆದಿರಲಿಲ್ಲ. ಗೆಸ್ಟುಗಳ ಮುಂದೆ ದನಿ ಏರಿಸಲಾರದೆ ಹಲ್ಲು ಕಚ್ಚಿಕೊಂಡು ಮಾತಾಡಿದ.

"ಅಜ್ಜಿ, ನೀವೇ ಹೇಳಿದ್ದೀರಲ್ಲ, ಕಾಲಿಡಲ್ಲ ಅಂತ. ದೇವರ ಮೇಲೆ ಆಣೆ ಅಂತ. ಈಗ ಹೀಗೆ ಮಾಡೋದು ಸರೀನಾ?"

"ಏಳ್ದೆ. ಆಣೆ ಇಡ್ಸಿದವ್ಳು ನಮ್ಮತ್ತೆ, ತಗುದವ್ಳು ಅವ್ಳ ಸೊಸೆ. ನಿಂಗೇನು ಬಂತು ಅದ್ರಲ್ಲಿ ಪಾಲು?" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಿನ್ನ ತಾತನ್ನ ದೂರ ಇಡಾಕೆ ಮಾಡ್ಕಂಡಿದ್ದ ಆಣೆ ಕಣಪ್ಪ ಅದು. ನೀನು ನಮ್ ಮನೆ ಕಾಪಿ ಕುಡ್ದು, ಅದ್ನ ಕಿತ್ಕಂಡೋಗಿ ನಿನ್ನ ಬೇಲಿಗೆ ಗೂಟ ಮಾಡ್ಕಂಡೆ. ನಿಮ್ಮ ತಾತ ಉಗುದ್ರೆ ನೀರಿಗೆ ಬೀಳೋದು. ನೀನು ನಗ್ನಗ್ತಾ ನಮ್ ಬಾಯಿಗೇ ಕೈ ಆಕ್ದೆ."

ಪೊಲೀಸರನ್ನು ಕರೆಸುತ್ತೇನೆ ಅಂದ ಅವನು. ಕರೆಸು, ಯಾವ ದಾರಿಯಲ್ಲಿ ಹೋದರು ಎಂದು ಕೇಳಿದರೆ ಸೇ‌ತುವೆ ಮೇಲೇ ಹೋದರು ಎಂದು ನೀನೇ ಬರೆದುಕೊಡು ಅಂದಳು ಅವಳು. ಅವನು ಫೋನು ತೆಗೆದವನು ಕೈಯಲ್ಲಿ ಹಿಡಿದುಕೊಂಡೇ ನಿಂತ. ಮಾದಮ್ಮ ಅವನನ್ನು ಬಳಸಿಕೊಂಡು ಆಚೆ ದಡಕ್ಕೆ ಹೋದಳು.

ಅವತ್ತು ಹೊಲದಲ್ಲಿ ಯಾರೂ ಪದ ಹೇಳಲಿಲ್ಲ, ಹರಟೆ ಹೊಡೆಯಲಿಲ್ಲ. ಕುಡುಗೋಲಿನ ಸದ್ದು ಒಂದೇ. ಕೆಂಪಯ್ಯ ಒಣಗಿದ ಪಂಚೆ ಉಟ್ಟುಕೊಂಡು ಮಾದಮ್ಮನ ಪಕ್ಕದ ಸಾಲಿನಲ್ಲೇ ಕುಯ್ದ. ಊಟದ ಹೊತ್ತಿನಲ್ಲಿ ಅವಳು ಅವನ ಮುಂದೆ ಮುದ್ದೆ ಇಟ್ಟಳು. ಉಂಡ. ಸಂಜೆ ಹೆಂಗಸರು ಹೊರೆ ಹೊತ್ತು ಸೇತುವೆಯ ಮೇಲೇ ತಿರುಗಿ ಬಂದರು. ಕೆಂಪಯ್ಯ ತನ್ನ ಬಟ್ಟೆ ತಲೆಗೆ ಸುತ್ತಿಕೊಂಡು ನೀರಿಗೇ ಇಳಿದ. ಅವನ ಪಾಲಿನ ಹೊರೆಯನ್ನು ರಂಜಿನಿ ಎರಡನೇ ಸಲ ಹೋಗಿ ತಂದಳು.

ಭಾನುವಾರವೂ ಹೋದರು, ಸೋಮವಾರವೂ ಹೋದರು. ಕುಯ್ಲು ಮುಗಿದ ಮೇಲೆ ಕೆಲಸವಿದ್ದರೂ ಇಲ್ಲದಿದ್ದರೂ ದಿನಾ ಯಾರಾದರೂ ನಾಲ್ಕು ಜನ ಹೋಗಿ ಬರಲೇಬೇಕೆಂದು ಮಾದಮ್ಮ ಕಟ್ಟು ಮಾಡಿದಳು. ಅಮೃತೇಶನ ದೂರಿನ ಮೇಲೆ ಸಾಹೇಬರು ಮತ್ತೆ ಬಂದರು. ಈ ಸಲ ಕೇರಿಯವರು ಕೆಳಗೆ ನಿಲ್ಲಲಿಲ್ಲ. ಕಲ್ಲಿನ ಸಂದಿಯಲ್ಲೆಲ್ಲ ಉದುರಿದ ರಾಗಿ ಬಿದ್ದಿತ್ತು, ಇರುವೆ ಸಾಲು ಕಟ್ಟಿದ್ದವು. ದಿನಾ ನಡೆಯುತ್ತೀರಾ ಎಂದು ಕೇಳಿದರು. ದಿನಾ ಸಾ, ಅಂದಳು ಮಾದಮ್ಮ. ಸಾಹೇಬರು ಬರೆದುಕೊಂಡರು. ಜಗಳ ಇತ್ಯರ್ಥವಾಗುವವರೆಗೆ ಸರಪಳಿ ಹಾಕಿ ಜನರನ್ನು ತಡೆಯುವ ಹಾಗಿಲ್ಲ ಎಂದು ಅಮೃತೇಶನಿಗೆ ಹೇಳಿ ಹೋದರು. ಕೋರ್ಟಿನಲ್ಲಿ ನೋಡಿಕೊಳ್ಳುತ್ತೇನೆ ಅಂದ ಅವನು. ನೋಡಿಕೋ ಅಂದಳು ರಂಜಿನಿ.

ಹುಡುಗರು ಗೆದ್ದೆವೆಂದು ಸಿಹಿ ಹಂಚಲು ಹೊರಟರು. ಮಾದಮ್ಮ ಪೊಟ್ಟಣವನ್ನು ಕಿತ್ತು ಗೂಡಿನಲ್ಲಿಟ್ಟಳು. ಅವನದೇನು ಹೋಯಿತು ಅಂತ ಹಂಚುತ್ತೀರೋ, ಕಳೆದುಕೊಂಡದ್ದು ನಾವು ಎಂದು ಬೈದಳು. ಹುಡುಗರಿಗೆ ಅರ್ಥವಾಗಲಿಲ್ಲ. ಅಜ್ಜಿಗೆ ಯಾವಾಗಲೂ ಸಿಟ್ಟು ಎಂದುಕೊಂಡು ಹೋದರು.

ಕೆಂಪಯ್ಯ ಈಗಲೂ ನೀರಿನಲ್ಲೇ ಹೋಗುತ್ತಾನೆ, ಮೊದಲಿನಂತೆ ದಿನಾ ಅಲ್ಲ, ಹೊಲ ನೋಡಬೇಕೆನ್ನಿಸಿದಾಗ. ಬೇಡ ಎಂದು ಅವನಿಗೆ ಹೇಳುವುದನ್ನು ಮಾದಮ್ಮ ಬಿಟ್ಟಿದ್ದಾಳೆ. ಅವನು ನೀರಿಗೆ ಇಳಿದಿದ್ದು ಕಂಡರೆ ಕೇರಿಯವರು ಯಾರೂ ಸೇತುವೆ ಹತ್ತುವುದಿಲ್ಲ. ಹತ್ತಿದವರಿದ್ದರೆ ಬೇಗ ದಾಟಿಕೊಳ್ಳುತ್ತಾರೆ. ಉಳಿದವರು ತಲೆಯ ಮೇಲೆ ಹೊರೆ ಇದ್ದರೂ ಇಳಿಸದೆ, ಹಳ್ಳಕ್ಕೆ ಬೆನ್ನು ತಿರುಗಿಸಿ, ಅವನು ಮೈ ಒರೆಸಿಕೊಂಡು ಬಟ್ಟೆ ಉಡುವವರೆಗೆ ನಿಂತಿರುತ್ತಾರೆ.

ಮೊನ್ನೆ ಹೀಗೇ ನಿಂತಿದ್ದಾಗ, ರೆಸಾರ್ಟಿಗೆ ಬಂದಿದ್ದ ಗಂಡಸೊಬ್ಬ ಕಾಫಿ ಲೋಟ ಹಿಡಿದುಕೊಂಡು ಸೇತುವೆಯ ಕಡೆ ಹೊರಟ. ಇಷ್ಟು ಜನ ಹುಲ್ಲಿನ ಹೊರೆ ಹೊತ್ತುಕೊಂಡು ಬೆನ್ನು ಮಾಡಿ ನಿಂತಿದ್ದಾರಲ್ಲ, ಏನಮ್ಮ ಪೂಜೆಯಾ ಎಂದು ಕೇಳಿದ. ಮಾದಮ್ಮ ಹೊರೆಯ ಕೆಳಗಿನಿಂದಲೇ ಅವನನ್ನು ನೋಡಿದಳು.

"ಒಬ್ರು ದಾಟ್ತಾವ್ರೆ," ಅಂದಳು. "ನೀನೂ ನಿಂತ್ಕೋ. ಆ ಕಡೀಕೆ ತಿರುಗು."

ಅವನು ನಿಂತುಕೊಂಡ.